ಬಿದರಿ ಉಸ್ತಾದರ ಭುಜದ ಹಿಂದೆ ಒಂದು ದಿನ

ಲೋಹದ ಪಾತ್ರೆಯ ಮೇಲೆ ಬೆಳ್ಳಿ ಕೂರಿಸುವ ಬೀದರಿನ ಬಿದರಿ ಕಲೆಯ ಬಗ್ಗೆ ಐದು ನಿಮಿಷದ ಚಿತ್ರವೊಂದು ಬೇಕೆಂದು ಬಂದ ಪತ್ರದ ಜೊತೆಗೆ, ಅದರಲ್ಲಿ ಯಾವ ಯಾವ ದೃಶ್ಯಗಳಿರಬೇಕು ಎಂಬ ಪಟ್ಟಿಯೂ ಇತ್ತು. ಬೆಳಗಿನ ಬಿಸಿಲಿನಲ್ಲಿ ಕೋಟೆ, ಅಚ್ಚಿಗೆ ಸುರಿಯುವ ಕರಗಿದ ಲೋಹ, ಬೂದುಬಣ್ಣದ ಹೂಜಿಯೊಂದು ಕಣ್ಣೆದುರೇ ಕಪ್ಪಾಗಿ ಅದರ ಮೇಲೆ ಬೆಳ್ಳಿಯ ಬಳ್ಳಿ ಹೊಳೆಯುವ ಕ್ಷಣ, ಕೊನೆಯಲ್ಲಿ ನಗುಮೊಗದ ಕುಶಲಕರ್ಮಿ. ಕೆತ್ತನೆಗೆ ಎರಡು ಶಾಟ್ ಸಾಕು ಎಂದು ಪಟ್ಟಿ ಮಾಡಿದವರು ಪಕ್ಕದಲ್ಲಿ ಬರೆದಿದ್ದರು. ಪ್ರದರ್ಶನ ಮಳಿಗೆಯ ಗೋಡೆಯ ಮೇಲೆ ದಿನವಿಡೀ ಓಡುವ ಚಿತ್ರಕ್ಕೆ ಇದು ತಪ್ಪು ಪಟ್ಟಿಯೇನಲ್ಲ. ಅದರ ಮುಂದೆ ಜನ ನಿಲ್ಲುವುದೇ ಅರ್ಧ ನಿಮಿಷ. ಆದರೆ ಕರಕುಶಲ ಕೆಲಸಗಳನ್ನೂ ಜನಪದ ಪ್ರದರ್ಶನಗಳನ್ನೂ ಚಿತ್ರೀಕರಿಸುತ್ತ ಬಂದಿರುವ ನನಗೂ ನನ್ನ ಛಾಯಾಗ್ರಾಹಕ ಗೆಳೆಯನಿಗೂ ಇಂಥ ಪಟ್ಟಿಗಳ ಮೇಲೆ ಹಳೆಯ ತಕರಾರೊಂದಿದೆ. ನೋಡುವವರಿಗಾಗಿ ತೆಗೆದ ಚಿತ್ರವನ್ನೇ ದಾಖಲೆ ಎಂದು ಕರೆದು ಕಪಾಟಿನಲ್ಲಿಟ್ಟುಬಿಡುತ್ತೇವೆ. ಮಾಡುವವರಿಗೆ, ಅಂದರೆ ಮುಂದೆ ಎಂದಾದರೂ ಈ ಕೆಲಸ ಕಲಿಯಲು ಕೂರುವವರಿಗೆ, ಅದರಿಂದ ಕಲಿಯುವಂಥದ್ದು ಏನೂ ಸಿಗುವುದಿಲ್ಲ. ಹಾಗಾಗಿ ಕೇಳಿದ ಐದು ನಿಮಿಷವನ್ನು ಕೇಳಿದಂತೆಯೇ ಮಾಡಿಕೊಟ್ಟು, ಅದೇ ದಿನ, ಅದೇ ಕ್ಯಾಮೆರಾದಲ್ಲಿ, ಕಲಿಯುವವರ ಕಣ್ಣಿಗೆ ಬೇಕಾದದ್ದನ್ನು ಕತ್ತರಿಸದೆ ಬೇರೆಯಾಗಿ ದಾಖಲಿಸುವುದೆಂದು ಮಾತಾಡಿಕೊಂಡೇ ನಾವು ಬೀದರಿಗೆ ಹೋದದ್ದು.

ಬಿದರಿಯ ಬಗ್ಗೆ ಓದಿ ತಿಳಿಯಬಹುದಾದದ್ದನ್ನು ಓದಿಕೊಂಡಿದ್ದೆವು. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸಾಗಿಸಿದ ಮೇಲೆ ಇರಾನಿನ ಕಡೆಯಿಂದ ಬಂದ ಕುಶಲಕರ್ಮಿಗಳು ಈ ವಿದ್ಯೆಯನ್ನು ಇಲ್ಲಿ ಬೆಳೆಸಿದರೆಂಬುದು ಪ್ರತೀತಿ. ಪಾತ್ರೆಯ ಮೈ ಸತುವಿನದು. ಅದಕ್ಕೆ ಸ್ವಲ್ಪವೇ ತಾಮ್ರ ಬೆರೆಯುತ್ತದೆ, ಸಾಮಾನ್ಯವಾಗಿ ಹೇಳುವ ಲೆಕ್ಕ 16 ಪಾಲು ಸತುವಿಗೆ 1 ಪಾಲು ತಾಮ್ರ. ಅದರ ಮೇಲೆ ಕೊರೆದ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸಿದರೆ ಅದು ತಾರಕಶಿ, ಕೊರೆದ ತಗ್ಗುಗಳಲ್ಲಿ ಬೆಳ್ಳಿಯ ತಗಡನ್ನು ಕೂರಿಸಿದರೆ ಅದು ತಹನಿಶಾನ್. 2006ರಲ್ಲಿ ಬಿದರಿಗೆ ಭೌಗೋಳಿಕ ಸೂಚ್ಯಂಕ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಜಿಐ ಗುರುತು, ದೊರೆಯಿತು. 2023ರಲ್ಲಿ ಬೀದರಿನ ಷಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಪತ್ರಿಕೆಗಳಲ್ಲಿ ಒಂದಷ್ಟು ದಿನ ಈ ಕಲೆಯದೇ ಮಾತು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದಿರುವ ಹಳೆಯ ಹುಕ್ಕಾ ಬುಡಗಳನ್ನೂ ಹೂಜಿಗಳನ್ನೂ ನೋಡಿದವರಿಗೆ ಬಿದರಿಯ ಅಂದ ಏನೆಂದು ಹೇಳಬೇಕಾಗಿಲ್ಲ. ಆದರೆ ಆ ಗಾಜಿನ ಹಿಂದಿರುವುದು ಮುಗಿದ ವಸ್ತು. ಒಂದು ಗೀರಿನ ಒಳಗೆ ಏನು ನಡೆದಿದೆ ಎಂಬುದು ಮುಗಿದ ವಸ್ತುವಿನ ಮೇಲೆ ಕಾಣುವುದಿಲ್ಲ, ಕಾಣಲೂಬಾರದು; ಕಂಡರೆ ಕೆಲಸ ಕೆಟ್ಟಿದೆ ಎಂದರ್ಥ.

ಹಳೆಯ ಪೇಟೆಯ ಓಣಿಯೊಂದರಲ್ಲಿದ್ದ ಕಾರ್ಖಾನೆ ಎಂದರೆ ರಸ್ತೆಗೆ ಬಾಗಿಲು ತೆರೆದ ಒಂದೇ ಕೋಣೆ. ನೆಲದ ಮೇಲೆ ಗೋಣಿಚೀಲ, ಅದರ ಮೇಲೆ ಕುಳಿತ ಉಸ್ತಾದರು, ಅವರ ಮುಂದೆ ಮೇಣ ಮೆತ್ತಿದ ಕಲ್ಲು, ಆ ಮೇಣಕ್ಕೆ ಕಚ್ಚಿಕೊಂಡು ಕದಲದೆ ನಿಂತ ಪುಟ್ಟ ಹೂದಾನಿ. ಎಡಗೈಯಲ್ಲಿ ಬೆರಳುದ್ದದ ಉಳಿ, ಬಲಗೈಯಲ್ಲಿ ಹಗುರವಾದ ಸುತ್ತಿಗೆ. ಗೆಳೆಯನು ಪಟ್ಟಿಯ ಪ್ರಕಾರ ಕ್ಯಾಮೆರಾವನ್ನು ಅವರ ಎದುರಿಗೆ, ನೆಲಕ್ಕೆ ಹತ್ತಿರವಾಗಿ ಇಟ್ಟನು. ಮುಖ, ಕೈ, ಹೂದಾನಿ ಮೂರೂ ಒಂದೇ ಚೌಕಟ್ಟಿನಲ್ಲಿ ಸಿಗುವ ಜಾಗ ಅದು. ಬಾಗಿಲ ಬೆಳಕೂ ಚೆನ್ನಾಗಿತ್ತು. ಅಷ್ಟು ಮುಗಿದ ಮೇಲೆ ನಮ್ಮ ಎರಡನೆಯ ಉದ್ದೇಶವನ್ನು ಉಸ್ತಾದರಿಗೆ ವಿವರಿಸಿ, "ಚಾಚಾ, ಕೆಲಸ ಕಲಿಯೋ ಹುಡುಗ ನೋಡಿದರೆ ತಿಳಿಯೋ ಹಾಗೆ ತೆಗೀಬೇಕು, ಎಲ್ಲಿ ಇಡೋಣ?" ಎಂದು ಕೇಳಿದೆ. ಅವರು ಉಳಿಯನ್ನು ಕೆಳಗಿಟ್ಟು ಕ್ಯಾಮೆರಾದ ಕಡೆ ನೋಡಿ, "ಎದುರಿಗೆ ಕುಂತ್ರ ನಿಮಗ ಕೈ ಕಾಣ್ತಾವ್ರೀ, ಕೆಲಸ ಕಾಣಂಗಿಲ್ಲ. ನಮ್ಮಪ್ಪ ನನಗ ಎದುರಿಗೆ ಕುಂದರ್ಸಿಲ್ಲ, ಬಾಜೂಕ ಕುಂದರ್ಸಿದ್ರು" ಎಂದರು.

ಇಷ್ಟು ಸರಳವಾದ ಮಾತು ನಮ್ಮ ವೃತ್ತಿಯ ಅರ್ಧ ಅಭ್ಯಾಸವನ್ನು ಅಲುಗಾಡಿಸುವಂಥದ್ದು. ಎದುರಿನಿಂದ ತೆಗೆದ ಚಿತ್ರದಲ್ಲಿ ಎಡಬಲ ಅದಲುಬದಲಾಗಿರುತ್ತದೆ. ನೋಡಿ ಕಲಿಯುವವರು ಪ್ರತಿ ಚಲನೆಯನ್ನೂ ಮನಸ್ಸಿನಲ್ಲೇ ತಿರುಗಿಸಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾಗಿ, ಉಳಿಯ ತುದಿ ಲೋಹಕ್ಕೆ ಯಾವ ಕೋನದಲ್ಲಿ ತಾಗುತ್ತದೆ ಎಂಬುದು ಎದುರಿನಿಂದ ಕಾಣುವುದೇ ಇಲ್ಲ, ಕೈಬೆರಳುಗಳು ಅದನ್ನು ಮುಚ್ಚಿರುತ್ತವೆ. ಆದರೂ ಕುಂಬಾರನಿರಲಿ, ನೇಕಾರನಿರಲಿ, ಚರ್ಮದ ಗೊಂಬೆ ಕೊರೆಯುವವನಿರಲಿ, ನಾವೆಲ್ಲ ಎದುರಿನಿಂದಲೇ ತೆಗೆಯುತ್ತೇವೆ, ಏಕೆಂದರೆ ಮುಖ ಬೇಕು, ಭಾವ ಬೇಕು. ಗೆಳೆಯನು ಟ್ರೈಪಾಡ್ ಮಡಚಿ, ಸಣ್ಣ ಕ್ಯಾಮೆರಾವನ್ನು ಉಸ್ತಾದರ ಬಲಭುಜದ ಹಿಂದೆ, ಅವರ ಕಿವಿಯ ಮಟ್ಟಕ್ಕೆ ಬರುವಂತೆ ಗೋಡೆಗೆ ಆನಿಸಿದ ಕೋಲಿನ ಮೇಲೆ ಕಟ್ಟಿದನು. ಚೌಕಟ್ಟು ಸುಂದರವಾಗಿರಲಿಲ್ಲ. ಒಂದು ಮೂಲೆಯಲ್ಲಿ ಅವರ ಟೋಪಿಯ ಅಂಚು, ಇನ್ನೊಂದು ಮೂಲೆಯಲ್ಲಿ ಮೊಣಕಾಲು. ನಡುವೆ ಮಾತ್ರ, ಮೊದಲ ಬಾರಿಗೆ, ಕೆಲಸ ಕಾಣುತ್ತಿತ್ತು.

ಕಂಡದ್ದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಎರಕ ಹೊಯ್ದು, ಅರದಿಂದ ಉಜ್ಜಿ, ಎಮರಿ ಪೇಪರಿನಿಂದ ನಯಮಾಡಿದ ಪಾತ್ರೆ ಬೆಳ್ಳಗೆ ಹೊಳೆಯುತ್ತಿರುತ್ತದೆ. ಅದರ ಮೇಲೆ ಗೆರೆ ಎಳೆದರೆ ಕಾಣದಾದ್ದರಿಂದ ಮೈಲುತುತ್ತದ ನೀರನ್ನು ಸವರುತ್ತಾರೆ. ಮೈಯೆಲ್ಲ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಈ ಕಪ್ಪಿಗೂ ಕೊನೆಯಲ್ಲಿ ಬರುವ ಕಪ್ಪಿಗೂ ಸಂಬಂಧವಿಲ್ಲ, ಇದು ಕರಿಹಲಗೆಯ ಕೆಲಸ ಮಾಡುವ ಕಪ್ಪು ಅಷ್ಟೆ. ಅದರ ಮೇಲೆ ಮೊನಚಾದ ಕಡ್ಡಿಯಿಂದ ಕೈಬರಹದಲ್ಲೇ ಬಳ್ಳಿ, ಎಲೆ, ಹೂವು ಮೂಡುತ್ತವೆ. ಅಚ್ಚಿಲ್ಲ, ಅಳತೆಯ ಕಾಗದವಿಲ್ಲ. ಹೂದಾನಿಯ ಕುತ್ತಿಗೆಯ ಸುತ್ತ ಹೊರಟ ಬಳ್ಳಿ ಹೊರಟಲ್ಲಿಗೇ ಬಂದು ಕೂಡಿಕೊಂಡಾಗ ಎಲೆಗಳ ನಡುವಿನ ಅಂತರದಲ್ಲಿ ಹೆಚ್ಚುಕಡಿಮೆ ಕಾಣಲಿಲ್ಲ. ಬಳಿಕ ಉಳಿ. ಉಸ್ತಾದರ ಬಳಿ ಇದ್ದ ಉಳಿಗಳ ಬಾಯಿ ಒಂದೊಂದೂ ಒಂದೊಂದು ಬಗೆ: ನೇರ ಗೆರೆಗೆ ಒಂದು, ತಿರುವಿಗೆ ಒಂದು, ತಗ್ಗಿನ ತಳ ಕೆರೆಯಲು ಅಗಲವಾದದ್ದು ಒಂದು. ನಾವು ಅಂದುಕೊಂಡಿದ್ದ ಹಾಗೆ ಉಳಿ ಬಳ್ಳಿಯ ಹಿಂದೆ ಓಡುವುದಿಲ್ಲ. ಉಳಿ ಹಿಡಿದ ಕೈ ಹೆಚ್ಚುಕಡಿಮೆ ನಿಂತಲ್ಲೇ ಇರುತ್ತದೆ. ಪಾದದ ಬೆರಳು ಮತ್ತು ಮೊಣಕಾಲಿನ ಒತ್ತಿನಿಂದ ಕಲ್ಲು ತಿರುಗುತ್ತದೆ, ಬಳ್ಳಿಯೇ ಉಳಿಯ ಬಾಯಿಗೆ ಬರುತ್ತದೆ. ಎದುರಿನ ಚೌಕಟ್ಟಿನಲ್ಲಿ ಈ ಕಾಲು ಬಂದಿರಲೇ ಇಲ್ಲ.

ಗೀರಿನ ಒಳಗಿನ ವಿಚಾರ ಇನ್ನೂ ಸೂಕ್ಷ್ಮ. ಬಿದರಿಯಲ್ಲಿ ಬೆಳ್ಳಿಯನ್ನು ಬೆಸೆಯುವುದಿಲ್ಲ, ಅಂಟಿಸುವುದೂ ಇಲ್ಲ. ಉಳಿಯನ್ನು ಸ್ವಲ್ಪ ಓರೆಯಾಗಿ ಹಿಡಿದು ಹೊಡೆಯುವುದರಿಂದ ಗೀರು ಮೇಲೆ ಕಿರಿದಾಗಿ ಒಳಗೆ ಅಗಲವಾಗುತ್ತದೆ, ಗಡಿಗೆಯ ಬಾಯಿ ಮತ್ತು ಹೊಟ್ಟೆಯ ಹಾಗೆ. ಜೊತೆಗೆ ಗೀರಿನ ಎರಡೂ ದಡಗಳಲ್ಲಿ ಕೂದಲೆಳೆಯಷ್ಟು ಲೋಹ ಮೇಲಕ್ಕೆ ಎದ್ದು ನಿಲ್ಲುತ್ತದೆ. ಬೆಳ್ಳಿಯ ತಂತಿಯನ್ನು ಗೀರಿನಲ್ಲಿಟ್ಟು ತಟ್ಟಿದಾಗ ಮೆತ್ತನೆಯ ಬೆಳ್ಳಿ ಒಳಗಿನ ಹೊಟ್ಟೆಗೆ ಹರಡಿಕೊಳ್ಳುತ್ತದೆ, ಎದ್ದ ದಡ ಅದರ ಮೇಲೆ ಮಡಚಿಕೊಳ್ಳುತ್ತದೆ. ಒಳ್ಳೆಯ ಕೆಲಸ ತಲೆಮಾರುಗಟ್ಟಲೆ ಉದುರದೆ ಇರುವುದು ಈ ಕಾರಣಕ್ಕೆ. ಓರೆ ಕಡಿಮೆಯಾದರೆ ತಂತಿ ಇಂದು ಕೂರುತ್ತದೆ, ಕೆಲವು ವರ್ಷಗಳಲ್ಲಿ ಎದ್ದು ಬರುತ್ತದೆ. ಗೆಳೆಯನು ಮ್ಯಾಕ್ರೋ ಲೆನ್ಸ್ ಹಾಕಿ, ಬಾಗಿಲ ಬೆಳಕು ಗೀರಿಗೆ ಅಡ್ಡಲಾಗಿ ಬೀಳುವಂತೆ ಉಸ್ತಾದರ ಕಲ್ಲನ್ನೇ ಸ್ವಲ್ಪ ತಿರುಗಿಸಲು ಕೇಳಿಕೊಂಡಾಗ, ಆ ಎದ್ದ ದಡದ ನೆರಳು ಮಾನಿಟರಿನ ಮೇಲೆ ಮೊದಲ ಸಲ ಸ್ಪಷ್ಟವಾಗಿ ಮೂಡಿತು. ಉಸ್ತಾದರು ಕೆಲಸ ಬಿಟ್ಟು ಎದ್ದುಬಂದು ಅದನ್ನು ನೋಡಿದರು. ಬರಿಗಣ್ಣಿಗೆ ಕಾಣದೆ ಬೆರಳಿಗೆ ಮಾತ್ರ ಗೊತ್ತಿದ್ದದ್ದು ಅದು; ಉಗುರನ್ನು ಗೀರಿನ ಅಡ್ಡಕ್ಕೆ ಎಳೆದು ಪರೀಕ್ಷಿಸುವುದು ಅವರ ರೂಢಿ. "ಇದು ತೆಗೀರಿ, ಇದು ತೆಗೀರಿ" ಎಂದು ಎರಡು ಬಾರಿ ಹೇಳಿ ಮತ್ತೆ ಹೋಗಿ ಕುಳಿತರು. ಪಟ್ಟಿ ಮಾಡಿದವರು ಎರಡು ಶಾಟ್ ಸಾಕೆಂದ ಕೆಲಸಕ್ಕೆ ನಮ್ಮ ಬೆಳಗಿನ ಹೊತ್ತೆಲ್ಲ ಹೋಯಿತು.

ನಿಧಾನಗತಿಯ ದೃಶ್ಯದ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಈಗಿನ ಕ್ಯಾಮೆರಾಗಳಲ್ಲಿ ಸೆಕೆಂಡಿಗೆ 100 ಫ್ರೇಮ್ ತೆಗೆದು 25ರ ವೇಗದಲ್ಲಿ ತೋರಿಸುವುದು ಗುಂಡಿಯೊಂದನ್ನು ಒತ್ತಿದಷ್ಟು ಸುಲಭ. ಕರಕುಶಲ ಚಿತ್ರ ಎಂದರೆ ಸಾಕು, ಸುತ್ತಿಗೆ ತೇಲುತ್ತ ಇಳಿಯುತ್ತದೆ, ಲೋಹದ ಚೂರು ಗಾಳಿಯಲ್ಲಿ ಮಿನುಗುತ್ತದೆ, ಹಿನ್ನೆಲೆಯಲ್ಲಿ ಕೊಳಲು ನುಡಿಯುತ್ತದೆ. ಅದು ಚೆಂದವೇ ಹೌದು, ಆದರೆ ಆ ಚೆಂದದಲ್ಲಿ ಕೆಲಸದ ಲಯ ಸತ್ತುಹೋಗಿರುತ್ತದೆ. ಉಸ್ತಾದರ ಸುತ್ತಿಗೆ ಒಂದು ಗೀರಿಗೆ ಹಗುರವಾದ, ಬಿರುಸಾದ, ಸಮವಾದ ಏಟುಗಳ ಒಂದು ಸರಣಿಯನ್ನು ಹಾಕಿ, ತಿರುವು ಬಂದಲ್ಲಿ ತಡೆದು, ಕಲ್ಲು ತಿರುಗಿದ ಮೇಲೆ ಮತ್ತೆ ಹಿಡಿಯುತ್ತಿತ್ತು. ಯಾವಾಗ ತಡೆಯಬೇಕು ಎಂಬುದೇ ವಿದ್ಯೆ. ಆದ್ದರಿಂದ ನಾವು ಮೊದಲು ಸಹಜ ವೇಗದಲ್ಲಿ ಒಂದು ಎಲೆ ಪೂರ್ತಿಯಾಗುವವರೆಗೆ ಕ್ಯಾಮೆರಾ ನಿಲ್ಲಿಸದೆ ತೆಗೆದುಕೊಂಡು, ಅನಂತರ ಮಣಿಕಟ್ಟಿನ ಬಾಗು ಮಾತ್ರ ತಿಳಿಯಲೆಂದು ನಿಧಾನಗತಿಯಲ್ಲಿ ಇನ್ನೊಮ್ಮೆ ತೆಗೆದೆವು. ಎರಡನೆಯದು ಮೊದಲನೆಯದಕ್ಕೆ ಅಡಿಟಿಪ್ಪಣಿ ಅಷ್ಟೆ.

ಧ್ವನಿ ಹಿಡಿಯಲು ನಮ್ಮ ಜೊತೆ ಬಂದಿದ್ದ ಹುಡುಗಿಗೆ ಆ ಕೋಣೆ ದೊಡ್ಡ ತಲೆನೋವು. ಫ್ಯಾನು ನಿಲ್ಲಿಸಿದರೆ ಸೆಕೆ ತಡೆಯಲಾಗದು, ಹಾಕಿದರೆ ಗಿರಗಿರ ಸದ್ದು. ಓಣಿಯಲ್ಲಿ ಆಟೋ, ಪಕ್ಕದ ಗೋಡೆಯಾಚೆ ಅರ ಉಜ್ಜುವ ಇನ್ನೊಂದು ಕಾರ್ಖಾನೆ. ಎಲೆಯೊಂದು ಮುಗಿಯುವಷ್ಟು ಹೊತ್ತು ಮಾತ್ರ ಫ್ಯಾನು ನಿಲ್ಲಿಸಿ, ಮುಗಿದ ಕೂಡಲೇ ಹಾಕುವುದೆಂದು ಒಪ್ಪಂದವಾಯಿತು. ಪಕ್ಕದ ಅರದ ಸದ್ದನ್ನು ಮಾತ್ರ ಅಳಿಸುವುದು ಬೇಡವೆಂದಳು. ಆ ಓಣಿಯ ಸದ್ದೇ ಅದು, ಅಳಿಸಿದರೆ ಒಬ್ಬ ಮುದುಕರು ಎಲ್ಲೋ ಒಂಟಿಯಾಗಿ ಕುಳಿತು ಕಲೆಯನ್ನು ಕಾಪಾಡುತ್ತಿದ್ದಾರೆಂಬ ಸುಳ್ಳು ಹುಟ್ಟುತ್ತದೆ ಎಂಬುದು ಅವಳ ವಾದ, ಮತ್ತು ನನಗೆ ಆ ವಾದ ಪೂರ್ತಿ ಒಪ್ಪಿಗೆ. ಬೆಳ್ಳಿ ಕೂರಿಸುವಾಗ ಅವಳು ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನನ್ನು ತೆಗೆದು ನನಗೆ ಕೊಟ್ಟಳು. ತಂತಿ ಇನ್ನೂ ಗೀರಿನ ಮೇಲಿರುವಾಗ ಏಟಿನ ಸದ್ದು ಸಡಿಲವಾಗಿತ್ತು. ಒಳಗೆ ಕುಳಿತ ಮೇಲೆ ಅದು ಗಟ್ಟಿಯಾಗಿ, ಇಡೀ ಪಾತ್ರೆಯ ಸದ್ದಾಯಿತು. ಉಸ್ತಾದರನ್ನು ಕೇಳಿದರೆ, ಅದರಲ್ಲೇನು ವಿಶೇಷ ಎಂಬಂತೆ, "ಕಣ್ಣು ಮಂದಾದ ಮ್ಯಾಲ ಕಿವೀನ ಗತಿ ನೋಡ್ರಿ" ಎಂದು ನಕ್ಕರು. ಸಂಗೀತ ತುಂಬಿದ ಚಿತ್ರಗಳಲ್ಲಿ ಮೊದಲು ಕಳೆದುಹೋಗುವುದು ಇದೇ.

ಪಟ್ಟಿಯಲ್ಲಿದ್ದ ಎರಕ ಆ ದಿನ ಇರಲಿಲ್ಲ. ಕೆಂಪು ಮಣ್ಣಿಗೆ ಹರಳೆಣ್ಣೆ ಮತ್ತು ರಾಳ ಸೇರಿಸಿ ಹದಮಾಡಿದ ಮಣ್ಣಿನ ಅಚ್ಚಿನಲ್ಲಿ ಹೊಯ್ಯುವ ಕೆಲಸವದು. ಹೊತ್ತಿಗೊಂದು ಹೊಯ್ಯುವುದಿಲ್ಲ, ಹತ್ತಾರು ಅಚ್ಚು ಸಿದ್ಧವಾದ ಮೇಲೆ ಒಟ್ಟಿಗೆ ಹೊಯ್ಯುತ್ತಾರೆ, ಅದೂ ಈ ಕಾರ್ಖಾನೆಯಲ್ಲಿ ಅಲ್ಲ. ಒಬ್ಬರು ಎರಕ ಹೊಯ್ದರೆ, ಇನ್ನೊಬ್ಬರು ಅರ ಹಿಡಿಯುತ್ತಾರೆ, ಕೆತ್ತುವವರು ಬೇರೆ, ಬೆಳ್ಳಿ ಕೂರಿಸುವವರು ಹಲವೊಮ್ಮೆ ಮನೆಯೊಳಗಿನ ಹೆಣ್ಣುಮಕ್ಕಳು. ಒಂದೇ ಹೂದಾನಿ ಮಣ್ಣಿನ ಅಚ್ಚಿನಿಂದ ಹೊರಟು ಕಪ್ಪಾಗಿ ಮುಗಿಯಲು ವಾರಗಳು ಹಿಡಿಯುತ್ತವೆ. ಕ್ಯಾಮೆರಾ ಹಿಡಿದು ಬಂದವರ ಬಳಿ ಇರುವುದು ಒಂದೆರಡು ದಿನ. ಆದ್ದರಿಂದ ನೀವು ನೋಡುವ ಬಹುಪಾಲು ಚಿತ್ರಗಳಲ್ಲಿ ಎರಕವಾದದ್ದು ಒಂದು, ಕೆತ್ತಿದ್ದು ಇನ್ನೊಂದು, ಕಪ್ಪಾದದ್ದು ಮತ್ತೊಂದು. ಕತ್ತರಿ ಹಾಕುವ ಮೇಜಿನ ಮೇಲೆ ಅವೆಲ್ಲ ಸೇರಿ ಒಂದೇ ವಸ್ತುವಾಗುತ್ತವೆ. ಕಾರ್ಖಾನೆಯ ಹುಡುಗನೊಬ್ಬ ನಮ್ಮ ಪೇಚಾಟ ನೋಡಿ, ಸ್ವಲ್ಪ ಸತುವು ಕರಗಿಸಿ ಕ್ಯಾಮೆರಾದ ಮುಂದೆ ಸುರಿದು ತೋರಿಸಲೇ ಎಂದು ಕೇಳಿದ. ಸತುವು ಸುಮಾರು 420 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುವುದರಿಂದ ಅದೇನೂ ದೊಡ್ಡ ಕೆಲಸವಲ್ಲ. ಉಸ್ತಾದರು ಒಪ್ಪಲಿಲ್ಲ. "ಸುಮ್ಮ ಸುರದ್ರ ಅದು ಎರಕ ಅಲ್ಲ, ತಮಾಷಾ" ಎಂದರು. ಎರಕದ ದೃಶ್ಯವನ್ನು ಆಮೇಲೆ ಬೇರೆ ಕಡೆ, ಎರಕ ನಿಜವಾಗಿ ನಡೆಯುವಾಗಲೇ ತೆಗೆದೆವು. ದಾಖಲೆಯಲ್ಲಿ ಬೇರೆ ಬೇರೆ ವಸ್ತುಗಳು ಬೇರೆ ಬೇರೆಯಾಗಿಯೇ ಕಾಣಿಸುತ್ತವೆ, ಹಾಗೆಂದು ವಿವರಣೆಯಲ್ಲೂ ಹೇಳಿದ್ದೇವೆ. ನೋಡುವವರಿಗೆ ಇದರಿಂದ ಯಾವ ಗೊಂದಲವೂ ಆಗಿಲ್ಲ, ಗೊಂದಲವಾಗುತ್ತದೆಂಬ ಭಯ ಚಿತ್ರ ಮಾಡುವವರದು ಮಾತ್ರ.

ಮಧ್ಯಾಹ್ನ ಉಸ್ತಾದರ ಸೊಸೆ ಒಳಮನೆಯಲ್ಲಿ ತಹನಿಶಾನ್ ಕೆಲಸಕ್ಕೆ ಕುಳಿತಿದ್ದಾರೆಂದು ತಿಳಿಯಿತು. ಪಟ್ಟಿಯಲ್ಲಿ ಹೆಂಗಸರ ಸುದ್ದಿಯೇ ಇರಲಿಲ್ಲ. ಧ್ವನಿಯ ಹುಡುಗಿ ಒಳಗೆ ಹೋಗಿ ಮಾತಾಡಿಕೊಂಡು ಬಂದಳು: ಕೈ ತೆಗೆಯಬಹುದು, ಮುಖ ಬೇಡ, ದನಿ ಇದ್ದರೆ ಅಡ್ಡಿಯಿಲ್ಲ. ಕ್ಯಾಮೆರಾವನ್ನು ಅವಳೇ ಒಯ್ದಳು. ಗೆಳೆಯನು ಹೊರಗೆ ಕುಳಿತು ಫೋಕಸ್ ಬಗ್ಗೆ ಚಿಂತಿಸುತ್ತಿದ್ದನು. ಕುಶಲಕರ್ಮಿಗಳ ಮುಖವನ್ನು ಬಿಟ್ಟು ಬರೀ ಕೈ ತೋರಿಸುವ ಚಿತ್ರಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಕೆಲಸ ಮಾಡಿದವರಿಗೆ ಹೆಸರಿಲ್ಲದಂತೆ ಮಾಡುವ ಸೋಮಾರಿತನ ಅದರಲ್ಲಿದೆ. ಇಲ್ಲಿ ಹಾಗಲ್ಲ, ಕೈ ಮಾತ್ರ ಸಾಕೆಂದವರು ಕೈಯ ಒಡತಿಯೇ, ಹೆಸರು ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಿದವರೂ ಅವರೇ. ಅವರು ಮಾಡುತ್ತಿದ್ದ ಕೆಲಸದ ಕ್ರಮ ಹೀಗಿತ್ತು: ತೆಳ್ಳನೆಯ ಬೆಳ್ಳಿ ತಗಡನ್ನು ಕೊರೆದ ತಗ್ಗಿನ ಮೇಲಿಟ್ಟು ಬೆರಳಿನಿಂದ ಒತ್ತಿ ಅಂಚಿನ ಗುರುತು ಪಡೆಯುವುದು, ಆ ಗುರುತಿನ ಮೇಲೆ ಪುಟ್ಟ ಕತ್ತರಿ ಆಡಿಸುವುದು, ಎಸಳಿನಾಕಾರದ ಆ ಚೂರನ್ನು ತಗ್ಗಿಗೆ ಇಳಿಸಿ ನಡುವಿನಿಂದ ಅಂಚಿಗೆ ತಟ್ಟುತ್ತ ಬರುವುದು. ಅಂಚಿನಿಂದ ನಡುವಿಗೆ ತಟ್ಟಿದರೆ ತಗಡು ನಡುವೆ ಉಬ್ಬುತ್ತದೆಯೆಂದು ತಟ್ಟುತ್ತಲೇ ವಿವರಿಸಿದರು. ಕತ್ತರಿಸಿ ಉಳಿದ ಬೆಳ್ಳಿಯ ಕೂದಲಿನಂಥ ಚೂರುಗಳೆಲ್ಲ ಒಂದು ಡಬ್ಬಿಗೆ ಬೀಳುತ್ತಿದ್ದವು. ಬೆಳ್ಳಿ ಕೊಡುವ ವ್ಯಾಪಾರಿ ತೂಕ ಮಾಡಿ ಕೊಡುತ್ತಾನೆ, ಮುಗಿದ ಮಾಲನ್ನೂ ಈ ಚೂರನ್ನೂ ಸೇರಿಸಿ ತೂಕ ಮಾಡಿ ತೆಗೆದುಕೊಳ್ಳುತ್ತಾನೆ. ಬೆಳ್ಳಿಯ ದರ ಏರಿದಂತೆಲ್ಲ ತಂತಿ ಸಣ್ಣದಾಗಿದೆ, ತಗಡು ತೆಳುವಾಗಿದೆ, ಪಾತ್ರೆಯ ಮೇಲೆ ಖಾಲಿ ಜಾಗ ಹೆಚ್ಚಾಗಿದೆ. ಇದನ್ನೂ ಅವರೇ ಹೇಳಿದ್ದು. ವಿನ್ಯಾಸದ ಇತಿಹಾಸ ಬರೆಯುವವರು ಖಾಲಿ ಜಾಗಕ್ಕೆ ಆಧುನಿಕ ಅಭಿರುಚಿ ಎಂಬ ಕಾರಣ ಕೊಡುವುದನ್ನು ಓದಿದ್ದೇನೆ. ಕಾರಣ ತಕ್ಕಡಿಯಲ್ಲೂ ಇರಬಹುದು.

ಹೊತ್ತು ಇಳಿದ ಮೇಲೆ ಪಟ್ಟಿಯವರ ಕ್ಷಣ ಬಂತು. ಬಿದರಿಯ ಕೊನೆಯ ಹಂತಕ್ಕೆ ಬೀದರ್ ಕೋಟೆಯ ಮಣ್ಣೇ ಬೇಕು ಎಂಬುದು ಎಲ್ಲರೂ ಹೇಳುವ ಮಾತು: ಬಿಸಿಲು ಮಳೆ ಬೀಳದ ಹಳೆಯ ಕಟ್ಟಡಗಳೊಳಗಿನ ಮಣ್ಣು, ಅದರಲ್ಲಿ ಸೇರಿಕೊಂಡಿರುವ ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), ಅದಕ್ಕೆ ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿದ ನೀರು. ಬಿಸಿಮಾಡಿದ ಪಾತ್ರೆಗೆ ಆ ಕೆಸರನ್ನು ಉಜ್ಜಿದರೆ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಪಾತ್ರೆಯಲ್ಲಿ ಸ್ವಲ್ಪ ತಾಮ್ರ ಇರುವುದರಿಂದಲೇ ಈ ಕಪ್ಪು ಕೂರುವುದು. ಬರೀ ಸತುವಿಗೆ ಅದು ಬರುವುದಿಲ್ಲ. ಉಸ್ತಾದರು ಡಬ್ಬಿಯಿಂದ ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಹಚ್ಚಿ ರುಚಿ ನೋಡಿದರು, ಉಗಿದರು, ಸಾಕೆಂಬಂತೆ ತಲೆಯಾಡಿಸಿದರು. ಮಣ್ಣು ತರುವ ಜಾಗವನ್ನು ತೋರಿಸಬಹುದೇ ಎಂದು ಕೇಳಿದಾಗ ಅವರು ಸ್ಪಷ್ಟವಾಗಿ ಬೇಡವೆಂದರು. ನಾವು ಮತ್ತೆ ಕೇಳಲಿಲ್ಲ. ಎಲ್ಲವನ್ನೂ ದಾಖಲಿಸಬೇಕೆಂಬ ಹಟ ನಮ್ಮ ಕೆಲಸದವರಲ್ಲಿ ಇದೆ, ಕಲೆ ಅಳಿಯುತ್ತಿದೆ ಎಂಬ ನೆಪವೂ ಕೈಯಲ್ಲಿರುತ್ತದೆ. ಭೌಗೋಳಿಕ ಸೂಚ್ಯಂಕ ಕಾಯುವುದು ಹೆಸರನ್ನು. ಬೇರೆಲ್ಲೋ ಕುಳಿತು ಇಂಥದ್ದೇ ವಸ್ತು ಮಾಡಿ ಇನ್ನೊಂದು ಹೆಸರಿನಲ್ಲಿ ಮಾರುವುದನ್ನು ಅದು ತಡೆಯದು. ಜೊತೆಗೆ ಕೋಟೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಸ್ಮಾರಕ. ಅದರ ಯಾವ ಮೂಲೆಯ ಮಣ್ಣು ಒಳ್ಳೆಯದೆಂದು ಜಗತ್ತಿಗೆ ಸಾರಿದರೆ ಆಗುವ ತೊಂದರೆ ನಮಗಲ್ಲ, ಇವರಿಗೆ. ನಮ್ಮ ದಾಖಲೆಯಲ್ಲಿ ಮಣ್ಣು ಡಬ್ಬಿಯಿಂದ ಶುರುವಾಗುತ್ತದೆ.

ಕಪ್ಪಾಗುವುದನ್ನು ಚಿತ್ರೀಕರಿಸುವುದು ಛಾಯಾಗ್ರಾಹಕರಿಗೆ ಪರೀಕ್ಷೆ. ಕಪ್ಪು ಮೈ ಹೊಳಪಿಲ್ಲದ್ದು, ಬಿದ್ದ ಬೆಳಕನ್ನೆಲ್ಲ ನುಂಗುತ್ತದೆ. ಬೆಳ್ಳಿ ಬಿದ್ದ ಬೆಳಕನ್ನೆಲ್ಲ ಹಿಂದಕ್ಕೆ ಎಸೆಯುತ್ತದೆ. ಒಂದಕ್ಕೆ ಹೊಂದಿಸಿದರೆ ಇನ್ನೊಂದು ಸಾಯುತ್ತದೆ. ನೀರಿನ ಮೇಲಿನ, ಗಾಜಿನ ಮೇಲಿನ ಪ್ರತಿಫಲನವನ್ನು ತಗ್ಗಿಸುವ ಪೋಲರೈಸರ್ ಎಂಬ ಫಿಲ್ಟರ್ ಲೋಹದ ಹೊಳಪಿನ ಎದುರು ಕೆಲಸಕ್ಕೆ ಬರುವುದಿಲ್ಲ. ಉಪಾಯ ಹಳೆಯದೇ: ದೀಪವನ್ನು ಪಾತ್ರೆಗೆ ತೋರಿಸದೆ, ದೀಪ ಬಿದ್ದ ದೊಡ್ಡ ಬಿಳಿ ಬಟ್ಟೆಯನ್ನು ಪಾತ್ರೆಗೆ ತೋರಿಸುವುದು. ಉಸ್ತಾದರ ಮನೆಯಿಂದ ತಂದ ಬಿಳಿ ಚಾದರವನ್ನು ಒಂದು ಬದಿಗೆ ಕಟ್ಟಿದಾಗ ಬೆಳ್ಳಿಯ ಬಳ್ಳಿಯಲ್ಲಿ ಬಟ್ಟೆಯ ಬಿಳುಪು ಹದವಾಗಿ ಮೂಡಿತು, ಕಪ್ಪಿನಲ್ಲಿ ಉಳಿಯ ಗುರುತುಗಳು ಉಳಿದವು. ಕೆಸರು ಉಜ್ಜಿ, ತೊಳೆದು, ಕೊಬ್ಬರಿ ಎಣ್ಣೆ ಸವರಿ ಎತ್ತಿ ಹಿಡಿದಾಗ ಹುಡುಗರೆಲ್ಲ ಕೆಲಸ ಬಿಟ್ಟು ನೋಡಿದರು. ಗೆಳೆಯನೂ ಉಸಿರು ಬಿಗಿಹಿಡಿದಿದ್ದನು. ನಾನು ಉಸ್ತಾದರ ಕಡೆ ನೋಡಿದೆ. ಅವರ ಮುಖದಲ್ಲಿ ಯಾವ ಉತ್ಸಾಹವೂ ಇರಲಿಲ್ಲ. "ಎಲ್ಲಾರೂ ಇದನ್ನ ಕೇಳ್ತಾರ್ರೀ. ಇದು ಮಣ್ಣಿನ ಕೆಲಸ, ಇದರಾಗ ನಂದೇನದ?" ಎಂದರು. ಕಳಿಸಿದ ಐದು ನಿಮಿಷದ ಚಿತ್ರದ ಎರಡನೆಯ ದೃಶ್ಯವೇ ಅದು. ಎಲ್ಲರೂ ಮೆಚ್ಚಿದರು.

ದೊಡ್ಡ ದಾಖಲೆಯ ಕತೆ ಚಿತ್ರೀಕರಣದೊಂದಿಗೆ ಮುಗಿಯುವುದಿಲ್ಲ, ನಿಜ ಹೇಳಬೇಕೆಂದರೆ ಆಮೇಲಿನ ಕೆಲಸವೇ ಹೆಚ್ಚು. ಪ್ರತಿ ತುಣುಕಿಗೂ ಎಲ್ಲಿ, ಯಾವಾಗ, ಯಾರ ಕೈ, ಯಾವ ಹಂತ, ಯಾವ ಉಳಿ ಎಂಬ ವಿವರ ಬರೆದಿಡದಿದ್ದರೆ ಹತ್ತು ವರ್ಷದ ಬಳಿಕ ಅದು ಯಾರಿಗೂ ತಿಳಿಯದ ಕಡತವಾಗುತ್ತದೆ. ನಾವು ಕನ್ನಡದಲ್ಲಿ ಬರೆದ ವಿವರಪಟ್ಟಿಯನ್ನು ಉಸ್ತಾದರ ಮೊಮ್ಮಗನ ಮೂಲಕ ಓದಿಸಿ ಒಪ್ಪಿಗೆ ಪಡೆಯಲು ಮತ್ತೆ ಹೋದೆವು. ಕಾಲೇಜಿಗೆ ಹೋಗುವ ಹುಡುಗ, ಈ ಕೆಲಸಕ್ಕೆ ಕೂರುವವನಲ್ಲ ಎಂದು ಅವನೇ ಹೇಳಿಕೊಂಡಿದ್ದವನು. ನಾವು ಎರಡು ಉಳಿಗಳನ್ನು ಒಂದೇ ಎಂದು ಬರೆದಿದ್ದ ಕಡೆಯಲ್ಲೆಲ್ಲ ಅವನ ತಾಯಿ ಒಳಗಿನಿಂದಲೇ ತಿದ್ದಿಸಿದರು. ಕೆತ್ತನೆಯ ಉದ್ದನೆಯ ತುಣುಕನ್ನು ಲ್ಯಾಪ್‌ಟಾಪಿನಲ್ಲಿ ಹಾಕಿದಾಗ ಹುಡುಗ ಸ್ವಲ್ಪ ಹೊತ್ತು ನೋಡಿ, ಕಲ್ಲು ತಿರುಗುವ ಕಡೆ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ನಿಲ್ಲಿಸಿ, ಕಾಲಿನ ಯಾವ ಬೆರಳು ಒತ್ತುತ್ತದೆ ಎಂದು ಅಜ್ಜನನ್ನು ಕೇಳಿದನು. ಉಸ್ತಾದರಿಗೂ ಅದು ಗೊತ್ತಿರಲಿಲ್ಲ. ಗೋಣಿಚೀಲದ ಮೇಲೆ ಕುಳಿತು ಕಾಲಿಟ್ಟು ನೋಡಿಕೊಂಡು ಹೇಳಿದರು, ಹೆಬ್ಬೆರಳಲ್ಲ, ಅದರ ಪಕ್ಕದ್ದು ಎಂದು. ನಮ್ಮ ಚೌಕಟ್ಟಿನಲ್ಲಿ ಆ ಬೆರಳು ಅರ್ಧ ಮಾತ್ರ ಬಂದಿದೆ.

ಇಡೀ ದಾಖಲೆಯ ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ ಅವರ ಮನೆಯಲ್ಲಿದೆ, ಇನ್ನೊಂದು ನಮ್ಮಲ್ಲಿದೆ. ಬೇರೆಯವರಿಗೆ ಕೊಡುವಾಗ ಯಾವ ಭಾಗವನ್ನು ಕೊಡಬಹುದು, ಯಾವುದನ್ನು ಅವರನ್ನು ಕೇಳದೆ ಕೊಡಬಾರದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ಚಿತ್ರೀಕರಣದ ದಿನ ಆ ಕಾರ್ಖಾನೆಯಲ್ಲಿ ಸರಿಯಾಗಿ ಕೆಲಸ ನಡೆಯದೆ ಹೋದ ಕೂಲಿಯನ್ನು ಅಲ್ಲಿದ್ದ ಎಲ್ಲರಿಗೂ ಕೊಟ್ಟೆವು. ಚಿತ್ರ ಕೇಳಿದವರ ಲೆಕ್ಕದಲ್ಲಿ ಅದಕ್ಕೊಂದು ತಲೆಬರಹ ಇರಲಿಲ್ಲವಾದ್ದರಿಂದ ಸಾರಿಗೆ ವೆಚ್ಚದಲ್ಲಿ ಸೇರಿಸಬೇಕಾಯಿತು. ಮುಂದಿನ ಸಲ ಹೋಗುವಾಗ ಕ್ಯಾಮೆರಾವನ್ನು ಇನ್ನೂ ಒಂದು ಗೇಣು ಕೆಳಗೆ ಕಟ್ಟಬೇಕೆಂದು ಗೆಳೆಯನು ಬರೆದಿಟ್ಟುಕೊಂಡಿದ್ದಾನೆ. ಉಸ್ತಾದರು ತಮ್ಮ ಕಡೆಯಿಂದ ಒಂದು ಷರತ್ತು ಹಾಕಿದ್ದಾರೆ: ಆಗ ಕೆತ್ತುವುದು ಅವರಲ್ಲ, ಅವರ ಸೊಸೆ, ಕಲ್ಲನ್ನು ಸೊಸೆ ಎಡಕ್ಕೆ ತಿರುಗಿಸುತ್ತಾರಂತೆ, ಅದು ಯಾಕೆಂದು ನಾವೇ ನೋಡಿ ಹೇಳಬೇಕಂತೆ.